ಆರ್ಟೀಮಿಯಾ ತತ್ತಿ ಮರಿ ಬಿಡದಿದ್ದರೆ: ಡಬ್ಬಿ ಕೆಟ್ಟಿದೆಯೋ, ನೀರು ಕೆಟ್ಟಿದೆಯೋ ಪತ್ತೆ ಹಚ್ಚುವ ಕ್ರಮ

ಆರ್ಟೀಮಿಯಾ ಎಂದರೆ ಉಪ್ಪುನೀರಿನಲ್ಲಿ ಬೆಳೆಯುವ ಸಿಗಡಿ ಜಾತಿಯ ಸಣ್ಣ ಜೀವಿ; ಅದರ ಒಣ ತತ್ತಿಯನ್ನು ಡಬ್ಬಿಯಲ್ಲಿ ಕೊಂಡು, ಮರಿ ಮಾಡಿ ಮೀನುಮರಿ, ಸಿಗಡಿಮರಿಗಳಿಗೆ ತಿನ್ನಿಸುತ್ತಾರೆ. ಸಂಜೆ ಉಪ್ಪುನೀರಿಗೆ ಹಾಕಿದ ಆರ್ಟೀಮಿಯಾ ತತ್ತಿ ಮರುದಿನ ಸಂಜೆಗೂ ಕಂದು ಪುಡಿಯಾಗಿಯೇ ಸುತ್ತುತ್ತಿದ್ದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ‘ಡಬ್ಬಿ ಹಳೇದು ಕೊಟ್ಟಾರ’ ಎಂಬುದೇ. ಹಲವು ಸಲ ಅದು ನಿಜವಲ್ಲ. ಡಬ್ಬಿ ಕೆಟ್ಟಿದ್ದರೂ ಅಂಗಡಿಯಲ್ಲಿ ಕೆಟ್ಟಿರುವುದಕ್ಕಿಂತ ತೆರೆದ ಮೇಲೆ ನಮ್ಮ ಮನೆಯಲ್ಲೇ ಕೆಟ್ಟಿರುವುದು ಹೆಚ್ಚು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಬಣ್ಣದ ಮೀನಿನ ಮರಿ ಮಾಡುವವರು, ಕೊರವ ಮೀನಿನ ಮರಿ ಸಾಕುವವರು, ಸಿಹಿನೀರು ಸಿಗಡಿ ಹ್ಯಾಚರಿ (ಮರಿ ಮಾಡುವ ಕೇಂದ್ರ) ನಡೆಸುವವರು 425 ಗ್ರಾಂ ಡಬ್ಬಿಗೆ ಸಾವಿರಗಟ್ಟಲೆ ರೂಪಾಯಿ ಕೊಡುತ್ತಾರೆ. ಅಂಥ ಡಬ್ಬಿಯನ್ನು ಎಸೆಯುವ ಮೊದಲು, ಅಥವಾ ಇನ್ನೊಂದು ಕೊಂಡು ಅದನ್ನೂ ಅದೇ ರೀತಿ ಹಾಳು ಮಾಡುವ ಮೊದಲು, ದೋಷ ಎಲ್ಲಿದೆ ಎಂದು ಕ್ರಮವಾಗಿ ಹುಡುಕಬೇಕು.

ಹೋಲಿಸಿ ನೋಡಲು ಸರಿಯಾದ ಅಳತೆ ಯಾವುದೆಂದು ಗೊತ್ತಿರಬೇಕು. ಲೀಟರ್ ನೀರಿಗೆ 20ರಿಂದ 30 ಗ್ರಾಂ ಉಪ್ಪು, ನೀರಿನ ಶಾಖ 26ರಿಂದ 29 ಡಿಗ್ರಿ ಸೆಲ್ಸಿಯಸ್, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 8ರಿಂದ 8.5, ತತ್ತಿ ಲೀಟರಿಗೆ ಹೆಚ್ಚೆಂದರೆ 2 ಗ್ರಾಂ, ತಳದಿಂದ ಬಿಡದೆ ಗಾಳಿ, ಮೊದಲ ಕೆಲವು ಗಂಟೆ ಒಳ್ಳೆಯ ಬೆಳಕು. ಹೀಗಿದ್ದರೆ ಒಳ್ಳೆಯ ತತ್ತಿ 18ರಿಂದ 24 ಗಂಟೆಯೊಳಗೆ ಮರಿ ಬಿಡುತ್ತದೆ. ಉತ್ತಮ ದರ್ಜೆಯ ಮಾಲಿನಲ್ಲಿ ನೂರಕ್ಕೆ 80ರಿಂದ 90 ಮರಿಯಾಗುತ್ತವೆ. ಗ್ರಾಂ ಒಂದಕ್ಕೆ ಸುಮಾರು 2 ಲಕ್ಷದಿಂದ 3 ಲಕ್ಷ ತತ್ತಿ ಇರುತ್ತವೆ.

ಮೊದಲು ಭೂತಗನ್ನಡಿ ಹಿಡಿಯಿರಿ

ದ್ರಾಕ್ಷಿ, ದಾಳಿಂಬೆ ತೋಟದಲ್ಲಿ ನುಸಿ ನೋಡಲು ಬಳಸುವ 10 ಪಟ್ಟಿನ ಭೂತಗನ್ನಡಿ ಇದ್ದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ತತ್ತಿಯ ಅಡ್ಡಳತೆ ಮಿಲಿಮೀಟರಿನ ಕಾಲು ಭಾಗದಷ್ಟು. ಬಿಳಿ ಪಿಂಗಾಣಿ ಬಸಿಗೆ ಒಂದು ಹನಿ ಹಾಕಿ ನೋಡಿ.

ಒಣ ತತ್ತಿ ಒಂದು ಬದಿ ಒಳಗೆ ತಗ್ಗಿರುತ್ತದೆ. ನೀರಿಗೆ ಹಾಕಿದ ಒಂದೆರಡು ಗಂಟೆಯಲ್ಲಿ ನೀರು ಕುಡಿದು ದುಂಡಗಾಗಬೇಕು. ಎರಡು ಗಂಟೆ ಕಳೆದರೂ ತಗ್ಗು ಹಾಗೇ ಇದ್ದರೆ ಒಂದೋ ಉಪ್ಪು ವಿಪರೀತ ಹೆಚ್ಚಾಗಿದೆ, ಇಲ್ಲವೇ ತತ್ತಿ ನೊರೆಗೆ, ಪಾತ್ರೆಯ ಗೋಡೆಗೆ ಅಂಟಿ ನೀರೇ ಮುಟ್ಟಿಲ್ಲ. ಲೀಟರಿಗೆ 80 ಗ್ರಾಂ ದಾಟಿದ ಉಪ್ಪಿನಲ್ಲಿ ಮರಿ ಬೆಳೆಯಲು ಸಾಕಾಗುವಷ್ಟು ನೀರು ತತ್ತಿಯೊಳಗೆ ಹೋಗುವುದೇ ಇಲ್ಲ. ‘ಒಂದು ಮುಷ್ಟಿ’ ಲೆಕ್ಕದಲ್ಲಿ ಉಪ್ಪು ಹಾಕುವ ಕಡೆ ಈ ದೋಷ ಕಾಣುತ್ತದೆ.

ದುಂಡಗಾಗಿವೆ, ಆದರೆ 24 ಗಂಟೆಗೂ ಒಡೆದಿಲ್ಲ ಎಂದರೆ ಶಾಖ, ಗಾಳಿ, ಬೆಳಕು ಇವುಗಳಲ್ಲಿ ಒಂದು ಕೈಕೊಟ್ಟಿದೆ, ಅಥವಾ ಒಳಗಿನ ಜೀವವೇ ಹೋಗಿದೆ. ಇದನ್ನು ಕಣ್ಣಿನಿಂದ ಬೇರೆ ಮಾಡಲಾಗದು, ಮುಂದೆ ಹೇಳುವ ಬಾಟಲಿ ಪರೀಕ್ಷೆ ಬೇಕು.

ಚಿಪ್ಪು ಸೀಳಿದೆ, ಮರಿ ತೆಳು ಪೊರೆಯೊಳಗೆ ಚಿಪ್ಪಿಗೆ ಜೋತುಬಿದ್ದು ಅಲ್ಲೇ ನಿಂತಿದೆ ಎಂದರೆ ಮೊದಲು ಪಿಎಚ್ ನೋಡಿ. ಆ ಪೊರೆಯನ್ನು ಕರಗಿಸಲು ಮರಿಯೇ ಒಂದು ಕಿಣ್ವ ಬಿಡುತ್ತದೆ. ಪಿಎಚ್ 8ಕ್ಕಿಂತ ಕೆಳಗಿಳಿದರೆ ಆ ಕಿಣ್ವ ಸರಿಯಾಗಿ ಕೆಲಸ ಮಾಡದು. ಆಮ್ಲಜನಕ ಕಡಿಮೆಯಾದರೂ ಇದೇ ಹಂತದಲ್ಲಿ ಸಾಯುತ್ತವೆ. ಈ ನೋಟ ಕಂಡರೆ ತತ್ತಿ ಚೆನ್ನಾಗಿತ್ತು, ಕೆಟ್ಟದ್ದು ನೀರು ಎಂದು ಧೈರ್ಯವಾಗಿ ಹೇಳಬಹುದು.

ಮರಿಯಾಗಿ, ಈಜಿ, ಆಮೇಲೆ ತಳದಲ್ಲಿ ಕಿತ್ತಳೆ ಬಣ್ಣದ ರಾಶಿಯಾಗಿ ಸತ್ತಿದ್ದರೆ ಗಾಳಿ ನಿಂತಿದೆ ಅಥವಾ ತೆಗೆಯುವುದು ತಡವಾಗಿದೆ.

ನಾಲ್ಕು ಬಾಟಲಿ ಪರೀಕ್ಷೆ

ಡಬ್ಬಿಯನ್ನೂ ನೀರನ್ನೂ ಒಟ್ಟಿಗೆ ಅನುಮಾನಿಸಿದರೆ ಎಂದೂ ಉತ್ತರ ಸಿಗದು. ಎರಡನ್ನೂ ಬೇರೆ ಮಾಡಬೇಕು. ಇದಕ್ಕೆ ಚೆನ್ನಾಗಿ ಮರಿ ಬಿಡುತ್ತಿರುವ ತತ್ತಿ 2 ಗ್ರಾಂ ಬೇಕು. ಇಲ್ಲದಿದ್ದರೆ ಪಕ್ಕದ ಮೀನು ಸಾಕುವವರ ಹತ್ತಿರ ಕೇಳಿ ತನ್ನಿ.

1 ಲೀಟರಿನ ನಾಲ್ಕು ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಗಳ ತಳ ಕತ್ತರಿಸಿ, ಮುಚ್ಚಳ ಬಿಗಿದು, ತಲೆಕೆಳಗಾಗಿ ನಿಲ್ಲಿಸಿ. ಪ್ರತಿಯೊಂದಕ್ಕೂ ಅರ್ಧ ಲೀಟರ್ ನೀರು, 1 ಗ್ರಾಂ ತತ್ತಿ. ತೂಕ ಬಂಗಾರ ತೂಗುವ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಆಗಲಿ, ಚಮಚದಲ್ಲಿ ಬೇಡ.

ಒಂದನೆಯದಕ್ಕೆ ನಿಮ್ಮ ದಿನನಿತ್ಯದ ನೀರು, ಅನುಮಾನದ ತತ್ತಿ. ಎರಡನೆಯದಕ್ಕೆ ಹೊಸದಾಗಿ ತಯಾರಿಸಿದ ನೀರು, ಅನುಮಾನದ ತತ್ತಿ. ಮೂರನೆಯದಕ್ಕೆ ದಿನನಿತ್ಯದ ನೀರು, ಒಳ್ಳೆಯ ತತ್ತಿ. ನಾಲ್ಕನೆಯದಕ್ಕೆ ಹೊಸ ನೀರು, ಒಳ್ಳೆಯ ತತ್ತಿ. ಹೊಸ ನೀರೆಂದರೆ ಕ್ಲೋರಿನ್ ಇಲ್ಲದ 1 ಲೀಟರ್ ನೀರಿಗೆ 25 ಗ್ರಾಂ ಹರಳುಪ್ಪು, 1 ಗ್ರಾಂ ಅಡುಗೆ ಸೋಡಾ. ನಾಲ್ಕನ್ನೂ 28 ಡಿಗ್ರಿಯ ಒಂದೇ ನೀರಿನ ತೊಟ್ಟಿಯಲ್ಲಿ, ಒಂದೇ ಬೆಳಕಿನಲ್ಲಿ ಇಟ್ಟು, ತಳದಿಂದ ಗಾಳಿ ಬಿಡಿ. 24ನೆಯ ಗಂಟೆಗೆ ಒಂದು ಸಲ, 48ನೆಯ ಗಂಟೆಗೆ ಇನ್ನೊಂದು ಸಲ ನೋಡಿ.

ಮೂರು, ನಾಲ್ಕು ಚೆನ್ನಾಗಿ ಬಂದು ಒಂದು, ಎರಡು ಬರದಿದ್ದರೆ ತತ್ತಿ ಕೆಟ್ಟಿದೆ. ಎರಡು, ನಾಲ್ಕು ಬಂದು ಒಂದು, ಮೂರು ಬರದಿದ್ದರೆ ನೀರು. ನಾಲ್ಕೂ ಬಂದರೆ ನಿಮ್ಮ ಮಾಮೂಲಿ ಪಾತ್ರೆ, ಶಾಖ, ಗಾಳಿ ಇವುಗಳಲ್ಲೇ ದೋಷವಿದೆ. ನಾಲ್ಕೂ ಬರದಿದ್ದರೆ ಕೋಣೆಯಲ್ಲೇ ಏನೋ ವಿಷವಿದೆ ಅಥವಾ ಥರ್ಮಾಮೀಟರ್ ಸುಳ್ಳು ಹೇಳುತ್ತಿದೆ. ಅನುಮಾನದ ತತ್ತಿ 24 ಗಂಟೆಗೆ ಅರೆಬರೆ ಬಂದು 48 ಗಂಟೆಗೆ ಚೆನ್ನಾಗಿ ಬಂದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ತೇವ ಹಿಡಿದ ತತ್ತಿ ಒಮ್ಮೆಲೇ ಸಾಯುವುದಿಲ್ಲ. ಮೊದಲು ನಿಧಾನವಾಗುತ್ತದೆ, ಆಮೇಲೆ ಪ್ರಮಾಣ ಇಳಿಯುತ್ತದೆ.

ಪ್ರಮಾಣ ಎಣಿಸುವ ಬಗೆ: ಚೆನ್ನಾಗಿ ಕಲಕುತ್ತಿರುವಾಗಲೇ ಕಾಲು ಮಿಲಿಲೀಟರ್ ತೆಗೆದು ಮರಿ ಎಣಿಸಿ. ಹೀಗೆ ಆರು ಸಲ ಮಾಡಿ ಸರಾಸರಿ ತೆಗೆಯಿರಿ. ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ ಹಾಕಿದ್ದರೆ ಆ ಸರಾಸರಿಯನ್ನು 2000ದಿಂದ ಗುಣಿಸಿದರೆ ಗ್ರಾಂ ಒಂದಕ್ಕೆ ಎಷ್ಟು ಮರಿ ಎಂದು ಬರುತ್ತದೆ. ಸರಾಸರಿ 110 ಇದ್ದರೆ 2,20,000. ಒಡೆಯದೆ ಉಳಿದವುಗಳಲ್ಲಿ ಒಳಗೆ ಏನಾದರೂ ಇದೆಯೇ ಎಂದು ತಿಳಿಯಲು ಅದೇ ಹನಿಗೆ ಬ್ಲೀಚ್ ದ್ರಾವಣ ನಾಲ್ಕು ಹನಿ, ಕಾಸ್ಟಿಕ್ ಸೋಡಾ ನೀರು ಒಂದು ಹನಿ ಬಿಡಿ. ಚಿಪ್ಪು ಕರಗುತ್ತದೆ. ತುಂಬಿದ ತತ್ತಿಯಿದ್ದಲ್ಲಿ ಕಿತ್ತಳೆ ಬಣ್ಣದ ಕಾಳು ಉಳಿಯುತ್ತದೆ, ಖಾಲಿ ಚಿಪ್ಪಿದ್ದಲ್ಲಿ ಏನೂ ಉಳಿಯುವುದಿಲ್ಲ. ಖಾಲಿಯೇ ಹೆಚ್ಚಾಗಿದ್ದರೆ ಮಾಲನ್ನು ಸರಿಯಾಗಿ ಶುದ್ಧ ಮಾಡಿಲ್ಲ. ಆಗ ಅಂಗಡಿಯವರ ಜೊತೆ ಮಾತಾಡಲು ನಿಮ್ಮ ಕೈಯಲ್ಲಿ ಲೆಕ್ಕ ಇರುತ್ತದೆ.

ನೀರಿನ ದೋಷ

ನಮ್ಮ ಕಡೆಯ ಒಂದು ವಿಚಿತ್ರವೆಂದರೆ ಬೋರ್‌ವೆಲ್‌ನ ಗಡಸು ನೀರಿನಲ್ಲಿ ಚೆನ್ನಾಗಿ ಬರುವ ತತ್ತಿ ಆರ್‌ಒ ನೀರಿನಲ್ಲಿ ಬರುವುದಿಲ್ಲ. ಶುದ್ಧ ನೀರು ಎಂದು ಆರ್‌ಒ ನೀರು ತಂದು ಹಾಕಿದವರೇ ಹೆಚ್ಚು ಸೋಲುತ್ತಾರೆ. ತತ್ತಿ ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಪಿಎಚ್ ಇಳಿಯುತ್ತದೆ. ಗಡಸು ನೀರಿನಲ್ಲಿರುವ ಬೈಕಾರ್ಬೋನೇಟ್ ಅದನ್ನು ತಡೆದು ಹಿಡಿಯುತ್ತದೆ. ಆರ್‌ಒ ನೀರಿನಲ್ಲಿ ಅದಿಲ್ಲ. ಹಾಕುವಾಗ 7.8 ಇದ್ದ ಪಿಎಚ್ ರಾತ್ರಿ ಕಳೆಯುವುದರೊಳಗೆ 7ರ ಹತ್ತಿರ ಬರುತ್ತದೆ, ಮರಿಗಳು ಪೊರೆಯಲ್ಲೇ ಸಿಕ್ಕಿ ಸಾಯುತ್ತವೆ. ಆದ್ದರಿಂದ ಪಿಎಚ್ ಅನ್ನು ತತ್ತಿ ಹಾಕುವಾಗ ಅಷ್ಟೇ ಅಲ್ಲ, 12ನೆಯ ಗಂಟೆಗೂ ಅಳೆಯಬೇಕು. ಲೀಟರಿಗೆ 1 ಗ್ರಾಂ ಅಡುಗೆ ಸೋಡಾ ಹಾಕಿದರೆ ಸಾಮಾನ್ಯವಾಗಿ ಸಾಕು, 2 ಗ್ರಾಂ ಮೀರಬೇಡಿ. ಬಟ್ಟೆ ಒಗೆಯುವ ಸೋಡಾ ಬೇರೆ ವಸ್ತು, ಅದು ಪಿಎಚ್ ಅನ್ನು 10ರ ಮೇಲಕ್ಕೆ ಒಯ್ಯುತ್ತದೆ.

ಆರ್‌ಒ ನೀರು ಬಿಟ್ಟು ಬೇರೆ ಗತಿಯಿಲ್ಲದಿದ್ದರೆ ಸೋಡಾ ಜೊತೆಗೆ ಲೀಟರಿಗೆ ಅರ್ಧ ಗ್ರಾಂನಿಂದ 1 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಹಾಕಿ. ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಬರೀ ಮೆಗ್ನೀಸಿಯಂ ಸಲ್ಫೇಟ್ ಕೇಳಿ ತನ್ನಿ, ಸೂಕ್ಷ್ಮ ಪೋಷಕಾಂಶದ ಮಿಶ್ರಣ ಬೇಡ. ಅದರಲ್ಲಿರುವ ಸತು, ತಾಮ್ರ ಆರ್ಟೀಮಿಯಾಕ್ಕೆ ವಿಷ.

ತಾಮ್ರದ ಮಾತು ಬಂದದ್ದರಿಂದ ಇನ್ನೊಂದು. ದ್ರಾಕ್ಷಿ ತೋಟದ ಮನೆಗಳಲ್ಲಿ ಔಷಧ ಕಲಸಿದ ಬಕೆಟ್, ಡ್ರಮ್ ಎಷ್ಟು ತೊಳೆದರೂ ಈ ಕೆಲಸಕ್ಕೆ ಬಳಸಬಾರದು. ಬೋರ್ಡೊ ದ್ರಾವಣದ ಮೈಲುತುತ್ತ, ಕೀಟನಾಶಕದ ಅಂಶ ಪ್ಲಾಸ್ಟಿಕ್ಕಿನಲ್ಲಿ ಹಿಡಿದಿರುತ್ತದೆ. ಸಿಗಡಿ ಜಾತಿಯ ಜೀವಿಗಳಿಗೆ ಕೀಟನಾಶಕ ಮೀನಿಗಿಂತ ಬೇಗ ತಾಗುತ್ತದೆ. ಸೊಳ್ಳೆ ಬತ್ತಿ, ಪ್ಲಗ್ಗಿಗೆ ಹಾಕುವ ಸೊಳ್ಳೆ ಔಷಧ ಹಚ್ಚಿದ ಕೋಣೆಯ ಗಾಳಿಯನ್ನೇ ಏರ್ ಪಂಪ್ ಎಳೆದು ನೀರಿಗೆ ತುಂಬುತ್ತದೆ ಎಂಬುದೂ ನೆನಪಿರಲಿ. ನಾಲ್ಕೂ ಬಾಟಲಿ ಸೋತಾಗ ಮೊದಲು ನೋಡಬೇಕಾದದ್ದು ಇದನ್ನು.

ಉಪ್ಪಿಗೆ ಹರಳುಪ್ಪೇ ಸಾಕು. ಅಂಟದಂತೆ ಪುಡಿ ಕಲಸಿದ ಊಟದ ಉಪ್ಪು ನೀರನ್ನು ಕದಡಿಸಿ ಬೆಳಕು ತಡೆಯುತ್ತದೆ. ಮಳೆಗಾಲದ ಹರಳುಪ್ಪಿನಲ್ಲಿ ತೇವ ಹೆಚ್ಚು, ತೂಕಕ್ಕೆ ತಕ್ಕ ಉಪ್ಪು ಇರುವುದಿಲ್ಲ, ನೂರಕ್ಕೆ ಹತ್ತರಷ್ಟು ಹೆಚ್ಚು ಹಾಕಿ. ವಿಜಯಪುರದ ಕೆಲವು ಬೋರ್‌ವೆಲ್ ನೀರೇ ಸವಳಾಗಿರುತ್ತದೆ. ಅದಕ್ಕೂ 25 ಗ್ರಾಂ ಹಾಕಿದರೆ ಕೆಡುವುದಿಲ್ಲ, 35 ಗ್ರಾಂವರೆಗೂ ಒಳ್ಳೆಯ ಫಲ ಬರುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಗಾಳಿ ಬಿಟ್ಟು ಇಡಿ.

ಶಾಖ: ಮೇ ತಿಂಗಳಿಗೂ ಡಿಸೆಂಬರಿಗೂ ಬೇರೆ ಬೇರೆ ದೋಷ

ನೀರು ಕುಡಿದ ತತ್ತಿಗೆ 4ರಿಂದ 33 ಡಿಗ್ರಿವರೆಗೆ ಮಾತ್ರ ಒಳಗಿನ ಕೆಲಸ ನಡೆಯುತ್ತದೆ. 33ರಿಂದ 40ರ ನಡುವೆ ಕೆಲಸ ನಿಲ್ಲುತ್ತದೆ, ಜೀವ ಹೋಗುವುದಿಲ್ಲ. 40 ದಾಟಿದರೆ ಸಾಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯ ಪತ್ರಾಸಿನ (ತಗಡಿನ) ಶೆಡ್ಡಿನಲ್ಲಿ ಮಧ್ಯಾಹ್ನ ನೀರು 35, 36ಕ್ಕೆ ಹೋಗುವುದು ಸಾಮಾನ್ಯ. ಆಗ ತತ್ತಿ ನಿಂತುಬಿಡುತ್ತದೆ. 24 ಗಂಟೆಗೆ ನೋಡಿ ‘ಸತ್ತಿದೆ’ ಎಂದು ಚೆಲ್ಲುವ ಎಷ್ಟೋ ಪಾತ್ರೆಗಳಲ್ಲಿ ಜೀವ ಇರುತ್ತದೆ. ತಂಪು ಮಾಡಿ ಮತ್ತೆ 12 ಗಂಟೆ ಕಾಯಿರಿ.

ತಂಪು ಮಾಡಲು ಪಾತ್ರೆಗೆ ಒದ್ದೆ ಹತ್ತಿ ಬಟ್ಟೆ ಸುತ್ತಿ ಫ್ಯಾನ್ ಗಾಳಿ ಬಿಡಿ. ಒಣ ಹವೆಯಲ್ಲಿ ಇದರಿಂದಲೇ ನಾಲ್ಕೈದು ಡಿಗ್ರಿ ಇಳಿಯುತ್ತದೆ. ಬೆಳಗಾವಿಯ ಮಳೆಗಾಲದ ಹಸಿ ಹವೆಯಲ್ಲಿ ಈ ಉಪಾಯ ನಡೆಯದು, ಅಲ್ಲಿ ಆಗ ಬೇಕಾಗುವುದೂ ಇಲ್ಲ. ಬೇಸಿಗೆಯಲ್ಲಿ ಸಂಜೆ ಏಳಕ್ಕೆ ಹಾಕಿ, ಎಲ್‌ಇಡಿ ಬಲ್ಬಿನ ಬೆಳಕಿನಲ್ಲಿ ಶುರು ಮಾಡಿದರೆ ಬಹುಪಾಲು ಕೆಲಸ ರಾತ್ರಿಯ ತಂಪಿನಲ್ಲೇ ಮುಗಿಯುತ್ತದೆ.

ಡಿಸೆಂಬರ್, ಜನವರಿಯ ದೋಷ ಇದಕ್ಕೆ ವಿರುದ್ಧ. ರಾತ್ರಿ ನೀರು 20ಕ್ಕಿಂತ ಕೆಳಗಿಳಿದರೆ ಮರಿಯಾಗಲು 36ರಿಂದ 48 ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕಾಗುತ್ತದೆ. ಎಲ್ಲ ಒಟ್ಟಿಗೆ ಬರುವುದಿಲ್ಲ, ಮೊದಲು ಬಂದವು ಕೊನೆಯವು ಬರುವುದರೊಳಗೆ ಸೊರಗುತ್ತವೆ. ಹೀಟರನ್ನು ತತ್ತಿಯ ಪಾತ್ರೆಯೊಳಗೆ ಇಡಬೇಡಿ. ದೊಡ್ಡ ತೊಟ್ಟಿಗೆ ನೀರು ತುಂಬಿ ಅದರಲ್ಲಿ ಹೀಟರ್ ಇಟ್ಟು 28ಕ್ಕೆ ಹೊಂದಿಸಿ, ಬಾಟಲಿಗಳನ್ನು ಆ ತೊಟ್ಟಿಯಲ್ಲಿ ನಿಲ್ಲಿಸಿ.

ಗಾಳಿ, ಬೆಳಕು, ಕರೆಂಟ್

ಪಾತ್ರೆಯ ತಳ ಚೂಪಾಗಿರಬೇಕು. ಚಪ್ಪಟೆ ತಳದ ಬಕೆಟಿನ ಮೂಲೆಯಲ್ಲಿ ತತ್ತಿ ಕೂತು ಅಲ್ಲೇ ಕೊಳೆಯುತ್ತದೆ. ಏರ್ ಸ್ಟೋನ್ (ಸಣ್ಣ ಗುಳ್ಳೆ ಬಿಡುವ ಕಲ್ಲು) ತೆಗೆದುಹಾಕಿ, ಬರೀ ಕೊಳವೆಯ ತುದಿ ತಳ ಮುಟ್ಟಲಿ. ಸಣ್ಣ ಗುಳ್ಳೆಗಳು ನೊರೆ ಎಬ್ಬಿಸಿ ತತ್ತಿಯನ್ನು ಗೋಡೆಗೆ ಹತ್ತಿಸುತ್ತವೆ. ಮೊದಲ ಎರಡು ಗಂಟೆಯ ನಂತರ ಗೋಡೆಗೆ ಅಂಟಿದ್ದನ್ನು ಅದೇ ನೀರಿನಿಂದ ಕೆಳಗೆ ತೊಳೆಯಿರಿ. 9 ವ್ಯಾಟಿನ ಎಲ್‌ಇಡಿ ಬಲ್ಬ್ ಒಂದು ಗೇಣು ದೂರದಲ್ಲಿದ್ದರೆ ಬೆಳಕು ಸಾಕು. ತತ್ತಿ ದುಂಡಗಾದ ಮೇಲಿನ ಕೆಲವು ಗಂಟೆ ಬೆಳಕು ಬಿದ್ದರೆ ಕೆಲಸ ಶುರುವಾಗುತ್ತದೆ.

ಕರೆಂಟ್ ಹೋದಾಗ ಯಾವ ಹಂತ ಎಂಬುದರ ಮೇಲೆ ನಷ್ಟ ನಿಂತಿದೆ. ಚಿಪ್ಪು ಒಡೆಯುವ ಮೊದಲು ಗಾಳಿ ನಿಂತರೆ ತತ್ತಿ ಆಮ್ಲಜನಕವಿಲ್ಲದೆಯೂ ಜೀವ ಹಿಡಿದುಕೊಳ್ಳುತ್ತದೆ. ಕರೆಂಟ್ ಬಂದ ಮೇಲೆ ನಿಂತಷ್ಟು ಹೊತ್ತನ್ನು ಲೆಕ್ಕಕ್ಕೆ ಸೇರಿಸಿ ಕಾದರೆ ಆಯಿತು. ಚಿಪ್ಪು ಸೀಳಿದ ಮೇಲೆ ಆ ಶಕ್ತಿ ಇರುವುದಿಲ್ಲ. ಲೀಟರಿಗೆ ಲಕ್ಷಗಟ್ಟಲೆ ಮರಿ ಇರುವ ಪಾತ್ರೆಯಲ್ಲಿ ಗಾಳಿ ನಿಂತರೆ ನಿಮಿಷಗಳ ಲೆಕ್ಕ. ಬ್ಯಾಟರಿಯ ಏರ್ ಪಂಪ್ ಒಂದೇ ಇದ್ದರೆ ಅದನ್ನು 14ನೆಯ ಗಂಟೆಯ ನಂತರದ ಪಾತ್ರೆಗೆ ಮೀಸಲಿಡಿ.

ಮರಿ ತೆಗೆಯುವಾಗ ಗಾಳಿ ನಿಲ್ಲಿಸಿ, ಮೇಲ್ಭಾಗ ಮುಚ್ಚಿ, ತಳಕ್ಕೆ ಬೆಳಕು ಹಿಡಿದು 5ರಿಂದ 10 ನಿಮಿಷ ಮಾತ್ರ ಬಿಡಿ. ಚಿಪ್ಪು ಮೇಲೆ, ಮರಿ ತಳಕ್ಕೆ. ಇನ್ನಷ್ಟು ಚೆನ್ನಾಗಿ ಬೇರೆಯಾಗಲಿ ಎಂದು ಅರ್ಧ ಗಂಟೆ ಬಿಟ್ಟರೆ ತಳದ ಮರಿಗಳು ಉಸಿರುಗಟ್ಟುತ್ತವೆ. ಬೇಕಿದ್ದರೆ ಎರಡು ಸಲ ಮಾಡಿ. 125 ಮೈಕ್ರಾನ್ ಜಾಲರಿಯಲ್ಲಿ ತೊಳೆದು ಕೂಡಲೇ ಕೊಡಿ. ಸಿಹಿನೀರಿನಲ್ಲಿ ಮರಿಗಳು ಕೆಲವೇ ಗಂಟೆ ಬದುಕುತ್ತವೆ, ಮೀನುಮರಿ ತಿನ್ನುವಷ್ಟನ್ನೇ ಹಲವು ಸಲ ಹಾಕಿ. ಉಳಿದದ್ದನ್ನು ಉಪ್ಪುನೀರಿನಲ್ಲೇ ಸಣ್ಣ ಗಾಳಿ ಬಿಟ್ಟು ಫ್ರಿಜ್ಜಿನಲ್ಲಿ 4ರಿಂದ 10 ಡಿಗ್ರಿಯಲ್ಲಿ ಒಂದು ದಿನ ಇಡಬಹುದು. ಹೊರಗಿನ ಶಾಖದಲ್ಲಿ ಒಂದು ದಿನ ಹಸಿದ ಮರಿ ತನ್ನ ಸತ್ವದ ಕಾಲು ಭಾಗಕ್ಕಿಂತ ಹೆಚ್ಚನ್ನು ಕಳೆದುಕೊಂಡಿರುತ್ತದೆ.

ಸಂಗ್ರಹಣೆ: ನಿಜವಾದ ನಷ್ಟ ಆಗುವುದು ಇಲ್ಲೇ

ಬಾಟಲಿ ಪರೀಕ್ಷೆಯಲ್ಲಿ ತತ್ತಿಯೇ ಕೆಟ್ಟಿದೆ ಎಂದು ಬಂದರೆ ಹುಡುಕಬೇಕಾದದ್ದು ತೇವವನ್ನು. ತತ್ತಿಯಲ್ಲಿ ನೀರಿನ ಅಂಶ ನೂರಕ್ಕೆ 2ರಿಂದ 5 ಇದ್ದರೆ ಅದು ಗಟ್ಟಿ ಜೀವ. 60 ಡಿಗ್ರಿ ಶಾಖವನ್ನೂ, ಎಷ್ಟೇ ಚಳಿಯನ್ನೂ ತಾಳುತ್ತದೆ. ನೀರಿನ ಅಂಶ 10 ದಾಟಿದೊಡನೆ ಒಳಗೆ ಅರೆಬರೆ ಚಟುವಟಿಕೆ ಶುರುವಾಗುತ್ತದೆ. ಮರಿಯಾಗುವಷ್ಟು ನೀರಿಲ್ಲ, ಸುಮ್ಮನಿರುವಷ್ಟು ಒಣಗಿಲ್ಲ. ಒಳಗಿನ ಸಕ್ಕರೆಯ ದಾಸ್ತಾನು ಕರಗುತ್ತದೆ, ಗಾಳಿಯ ಆಮ್ಲಜನಕ ನಿಧಾನವಾಗಿ ಅದನ್ನು ಕೆಡಿಸುತ್ತದೆ. ಆದ್ದರಿಂದಲೇ ವಿಜಯಪುರದ 42 ಡಿಗ್ರಿಯ ಒಣ ಬೇಸಿಗೆಯಲ್ಲಿ ಉಳಿದ ಡಬ್ಬಿ ಬೆಳಗಾವಿಯ 24 ಡಿಗ್ರಿಯ ಜುಲೈನಲ್ಲಿ ಕೆಡುತ್ತದೆ. ಹಾಗೆಂದು ಡಬ್ಬಿಯನ್ನು ಪತ್ರಾಸಿನ ಕೆಳಗಿಡಿ ಎಂದಲ್ಲ. ಶಾಖಕ್ಕಿಂತ ಹಸಿ ಗಾಳಿಗೆ ಹೆಚ್ಚು ಹೆದರಬೇಕು ಎಂಬುದು ಮಾತು.

ಅತಿ ಸಾಮಾನ್ಯ ತಪ್ಪು ಫ್ರಿಜ್ಜಿನದು. ಡಬ್ಬಿಯನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಮುಚ್ಚಳ ತೆರೆದರೆ ಕೋಣೆಯ ಗಾಳಿಯ ತೇವ ತಣ್ಣಗಿನ ತತ್ತಿಯ ಮೇಲೆ ಇಳಿಯುತ್ತದೆ. ದಿನಾ ಎರಡು ಸಲ ಹೀಗೆ ಮಾಡಿದರೆ ಫ್ರಿಜ್ಜಿನಲ್ಲಿಟ್ಟದ್ದೇ ಡಬ್ಬಿಯನ್ನು ಕೊಲ್ಲುತ್ತದೆ. ಡಬ್ಬಿ ತೆರೆಯುವ ದಿನವೇ ಒಣ ಹವೆಯ ಮಧ್ಯಾಹ್ನ ನೋಡಿ ಪೂರ್ತಿ 425 ಗ್ರಾಂ ಅನ್ನು 50 ಗ್ರಾಂನಂತೆ ಭಾಗ ಮಾಡಿ. ಪ್ರತಿ ಭಾಗವನ್ನು ಅಲ್ಯೂಮಿನಿಯಂ ಪದರದ ಚೀಲಕ್ಕೆ ಹಾಕಿ, ಗಾಳಿ ಹಿಂಡಿ, ಬಿಸಿ ಸೀಲ್ ಮಾಡಿ. ಸಾದಾ ಪ್ಲಾಸ್ಟಿಕ್ ಚೀಲ ಬೇಡ, ತೇವವೂ ಆಮ್ಲಜನಕವೂ ಅದರೊಳಗೆ ನುಸುಳುತ್ತವೆ. ಬಳಕೆಯ ಒಂದು ಭಾಗ ಮಾತ್ರ ಹೊರಗೆ, ರಬ್ಬರ್ ವಾಷರ್ ಇರುವ ಗಾಜಿನ ಶೀಶೆಯಲ್ಲಿ, 10 ಗ್ರಾಂ ಸಿಲಿಕಾ ಜೆಲ್ ಪುಡಿಕೆಯ ಜೊತೆ ಇರಲಿ. ಉಳಿದ ಚೀಲಗಳು ಫ್ರಿಜ್ಜಿಗೆ. ಹೊಸ ಚೀಲ ತೆಗೆದಾಗ ಸೀಲ್ ಒಡೆಯದೆ ಮೂರು ಗಂಟೆ ಹೊರಗಿಟ್ಟು ಆಮೇಲೆ ತೆರೆಯಿರಿ.

ನೀಲಿ ಸಿಲಿಕಾ ಜೆಲ್ ಗುಲಾಬಿಯಾದರೆ, ಕಿತ್ತಳೆಯದು ಹಸಿರಾದರೆ ತೇವ ತುಂಬಿದೆ. 110 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿದರೆ ಮತ್ತೆ ಬರುತ್ತದೆ. ಪೂರ್ತಿ ತಣ್ಣಗಾದ ಮೇಲೆ ಶೀಶೆಗೆ ಹಾಕಿ.

ತೇವ ಹಿಡಿದಿದೆಯೇ ಎಂದು ಕೈಯಿಂದಲೇ ಅಂದಾಜಿಸಬಹುದು. ಒಣ ತತ್ತಿ ಸಣ್ಣ ಮರಳಿನಂತೆ ಬೆರಳ ಸಂದಿಯಿಂದ ಜಾರುತ್ತದೆ. ಹಿಡಿದಾಗ ಗಂಟುಕಟ್ಟಿದರೆ, ಶೀಶೆಯ ಗೋಡೆಗೆ ಮೆತ್ತಿದರೆ 10 ದಾಟಿದೆ ಎಂದುಕೊಳ್ಳಿ. ನಿಖರವಾಗಿ ಬೇಕೆಂದರೆ 5 ಗ್ರಾಂ ತೂಗಿ 60 ಡಿಗ್ರಿಯ ಒವನ್‌ನಲ್ಲಿ 24 ಗಂಟೆ ಇಟ್ಟು ಮತ್ತೆ ತೂಗಿ. 5.00 ಗ್ರಾಂ 4.55ಕ್ಕೆ ಇಳಿದರೆ ನೀರಿನ ಅಂಶ ನೂರಕ್ಕೆ 9. ಇಂಥ ಒವನ್ ಮಣ್ಣು ಪರೀಕ್ಷೆ ಮಾಡುವ ಪ್ರಯೋಗಾಲಯಗಳಲ್ಲಿ ಇರುತ್ತದೆ. ಪರೀಕ್ಷೆಗೆ ಹಾಕಿದ 5 ಗ್ರಾಂ ಅನ್ನು ಮತ್ತೆ ಡಬ್ಬಿಗೆ ಸೇರಿಸಬೇಡಿ.

ತೇವ ಹಿಡಿದ ಡಬ್ಬಿಯನ್ನು 35 ಡಿಗ್ರಿಯ ಒಣ ಗಾಳಿಯಲ್ಲಿ ಒಂದು ದಿನ ಆರಿಸಿದರೆ ಹೋದ ಜೀವ ಬರುವುದಿಲ್ಲ, ಮುಂದಿನ ನಷ್ಟ ನಿಲ್ಲುತ್ತದೆ. ಬೇಗ ಬಳಸಿ ಮುಗಿಸಿ. ಮರಿಯಾಗುವ ಪ್ರಮಾಣ ನೂರಕ್ಕೆ 50 ಆಗಿದ್ದರೆ ಅದೇ ಪಾತ್ರೆಗೆ ಎರಡು ಪಟ್ಟು ತತ್ತಿ ಸುರಿಯಬೇಡಿ, ಸತ್ತ ತತ್ತಿ ಕೊಳೆತು ಬದುಕಿದ್ದನ್ನೂ ಕೆಡಿಸುತ್ತದೆ. ಲೀಟರಿಗೆ 2 ಗ್ರಾಂ ಮಿತಿ ಬಿಡದೆ ಪಾತ್ರೆ ದೊಡ್ಡದು ಮಾಡಿ. 40ಕ್ಕಿಂತ ಕೆಳಗೆ ಹೋದರೆ ಮರಿ ಮಾಡುವ ಆಸೆ ಬಿಟ್ಟು ಚಿಪ್ಪು ತೆಗೆದು ನೇರವಾಗಿ ತಿನ್ನಿಸುವುದೇ ಲೇಸು (ಅದರ ಕ್ರಮ ಕೊನೆಯ ಭಾಗದಲ್ಲಿದೆ).

ಹಸಿ ತತ್ತಿ ತಂದು ಸಂಸ್ಕರಿಸುವವರಿಗೆ

ತೂತ್ತುಕುಡಿ ಕಡೆಯ ಉಪ್ಪಿನ ಗದ್ದೆಗಳಲ್ಲೂ ಆರ್ಟೀಮಿಯಾ ಬೆಳೆಯುತ್ತದೆ. ಉಪ್ಪಿನಲ್ಲಿ ನೆನೆದ ಹಸಿ ತತ್ತಿ ಕಡಿಮೆ ಬೆಲೆಗೆ ಸಿಕ್ಕಾಗ ತಂದು ಇಲ್ಲಿ ಒಣಗಿಸುವವರು ಎರಡು ಕಡೆ ಎಡವುತ್ತಾರೆ.

ಕ್ರಮ ಇಷ್ಟು: 1 ಮಿಲಿಮೀಟರ್, ಅರ್ಧ ಮಿಲಿಮೀಟರ್ ಜಾಲರಿಗಳಲ್ಲಿ ಉಪ್ಪುನೀರಿನಿಂದಲೇ ಸೋಸಿ ಕಸ ತೆಗೆಯಿರಿ, 150 ಮೈಕ್ರಾನಿನಲ್ಲಿ ತತ್ತಿ ಹಿಡಿಯಿರಿ. ಲೀಟರಿಗೆ 300 ಗ್ರಾಂ ಉಪ್ಪಿನ ನೀರಿನಲ್ಲಿ ಬಿಟ್ಟರೆ ಮರಳು ತಳಕ್ಕೆ, ತತ್ತಿ ಮೇಲಕ್ಕೆ. ಮೇಲಿನದನ್ನು ತೆಗೆದು ಉಪ್ಪು ತೊಳೆದು ಸಿಹಿನೀರಿಗೆ ಬಿಟ್ಟರೆ ತುಂಬಿದ ತತ್ತಿ ಮುಳುಗುತ್ತದೆ, ಖಾಲಿ ಚಿಪ್ಪು ತೇಲುತ್ತದೆ. ಇಲ್ಲಿ ಮೊದಲ ಎಡವಟ್ಟು. ಸಿಹಿನೀರಿನಲ್ಲಿ 15 ನಿಮಿಷಕ್ಕಿಂತ ಹೆಚ್ಚು ಇರಬಾರದು. ಹೊತ್ತು ಮೀರಿದರೆ ತತ್ತಿ ಬೆಳೆಯಲು ಶುರು ಮಾಡುತ್ತದೆ, ಆಮೇಲೆ ಒಣಗಿಸಿದಾಗ ದಾಸ್ತಾನು ಖರ್ಚಾಗಿರುತ್ತದೆ. ಎರಡು ಮೂರು ಸಲ ನೆನೆದು ಒಣಗಿದ ತತ್ತಿ ನೋಡಲು ಚೆಂದ, ಮರಿ ಬಿಡದು. 50 ಕಿಲೋ ಒಟ್ಟಿಗೆ ತೊಳೆಯುವ ಬದಲು 5 ಕಿಲೋದಂತೆ ತೊಳೆಯಿರಿ.

ಬಟ್ಟೆಯಲ್ಲಿ ಹನಿ ಬೀಳದಷ್ಟು ಹಿಂಡಿ, ಕೂಡಲೇ ಒಣಗಿಸಬೇಕು. ಎರಡನೆಯ ಎಡವಟ್ಟು ಬಿಸಿಲು. ಮಾಳಿಗೆಯ ಮೇಲೆ ಏಪ್ರಿಲ್ ಬಿಸಿಲಿಗೆ ಹರವಿದ ಹಸಿ ತತ್ತಿ ಕ್ಷಣದಲ್ಲಿ 50 ಡಿಗ್ರಿ ದಾಟುತ್ತದೆ. ಒಣ ತತ್ತಿ ತಾಳುವ ಶಾಖವನ್ನು ಹಸಿ ತತ್ತಿ ತಾಳದು. ವಿಜಯಪುರದ ಒಣದ್ರಾಕ್ಷಿ ಶೆಡ್ಡಿನ ಕ್ರಮವೇ ಇಲ್ಲಿ ಸರಿ: ನೆರಳು, ಜಾಲರಿಯ ಅಟ್ಟಣಿಗೆ, ಬೀಸುವ ಒಣ ಗಾಳಿ. 100 ಮೈಕ್ರಾನ್ ಜಾಲರಿಯ ತಟ್ಟೆಗಳಲ್ಲಿ ಕೆಲವೇ ಮಿಲಿಮೀಟರ್ ದಪ್ಪ ಹರವಿ, ಗಾಳಿಯ ಶಾಖ 38 ಮೀರದಂತೆ ನೋಡಿ, ಗಂಟೆಗೊಮ್ಮೆ ಕೈಯಾಡಿಸಿ. 24ರಿಂದ 48 ಗಂಟೆಯೊಳಗೆ ನೀರಿನ ಅಂಶ 10ಕ್ಕಿಂತ ಕೆಳಗೆ, ಸಾಧ್ಯವಾದರೆ 5ಕ್ಕೆ ಬರಬೇಕು. ದ್ರಾಕ್ಷಿಗೆ ಬಳಸಿದ ಶೆಡ್ಡಿನ ಜಾಲರಿಯನ್ನೇ ಬಳಸಬೇಡಿ, ಅದ್ದುವ ಎಣ್ಣೆ, ಗಂಧಕದ ಹೊಗೆ ಅದಕ್ಕೆ ಹಿಡಿದಿರುತ್ತದೆ. ದಪ್ಪ ಹರವಿದರೆ ಗಂಟಿನ ಹೊರಗೆ ಒಣ, ಒಳಗೆ ಹಸಿ. ಪ್ಯಾಕ್ ಮಾಡಿದ ಮೇಲೆ ಒಳಗಿನ ಹಸಿ ಇಡೀ ಚೀಲಕ್ಕೆ ಹರಡುತ್ತದೆ. ಒಣಗಿದ ಮೇಲೆ ಇನ್ನೊಮ್ಮೆ ಜರಡಿ ಹಿಡಿದು ಗಂಟು ತೆಗೆಯುವುದು ಇದಕ್ಕಾಗಿ.

ಮೋಡ ಕವಿದು ಒಣಗಿಸಲಾಗದಿದ್ದರೆ ತೊಳೆಯಲೇಬೇಡಿ. ಪರಿಪೂರ್ಣ ಉಪ್ಪುನೀರಿನಲ್ಲಿ, ಅಂದರೆ ತಳದಲ್ಲಿ ಕರಗದ ಉಪ್ಪು ಉಳಿದಿರುವ ನೀರಿನಲ್ಲಿ, ತಂಪಾಗಿ ಇಡಿ. ತತ್ತಿ ತನ್ನ ನೀರನ್ನು ಹೊರಬಿಟ್ಟಾಗ ಉಪ್ಪುನೀರು ತೆಳುವಾಗುತ್ತದೆ. ಒಂದು ದಿನದ ನಂತರ ನೋಡಿ ಮತ್ತೆ ಉಪ್ಪು ಹಾಕಿ.

ಬ್ಲೀಚ್ ಪರೀಕ್ಷೆಯಲ್ಲಿ ಕಿತ್ತಳೆ ಕಾಳು ತುಂಬಾ ಕಂಡರೂ ಹಸಿ ಮಾಲು ಮರಿ ಬಿಡದಿದ್ದರೆ ಸತ್ತಿದೆ ಎನ್ನಬೇಡಿ. ಹೊಸದಾಗಿ ತೆಗೆದ ತತ್ತಿ ಸುಪ್ತ ನಿದ್ರೆಯಲ್ಲಿರಬಹುದು. ಪರಿಪೂರ್ಣ ಉಪ್ಪುನೀರಿನಲ್ಲಿ ಫ್ರೀಜರಿನಲ್ಲಿ ಒಂದೆರಡು ತಿಂಗಳು ಇಟ್ಟು, ಕೆಲವು ದಿನ ಹೊರಗಿಟ್ಟು ಮತ್ತೆ ಪರೀಕ್ಷಿಸಿ. ಎಷ್ಟು ದಿನ ಬೇಕೆಂಬುದು ತಳಿಯಿಂದ ತಳಿಗೆ ಬೇರೆ.

ಚಿಪ್ಪು ತೆಗೆಯುವಾಗಿನ ದೋಷ

10 ಗ್ರಾಂ ತತ್ತಿಯನ್ನು ಒಂದು ಗಂಟೆ ನೀರಿನಲ್ಲಿ ಗಾಳಿ ಬಿಟ್ಟು ದುಂಡಗಾಗಿಸಿ. ನೂರಕ್ಕೆ 5ರ ಬ್ಲೀಚ್ ದ್ರಾವಣ 100 ಮಿಲಿ, ನೀರು 40 ಮಿಲಿ, ಕಾಸ್ಟಿಕ್ ಸೋಡಾ 1.5 ಗ್ರಾಂ ಕಲಸಿ 20 ಡಿಗ್ರಿಗೆ ತಂಪು ಮಾಡಿ ತತ್ತಿ ಹಾಕಿ ಕಲಕುತ್ತಿರಿ. ಕಂದು ಬೂದಾಗಿ, ಬಿಳಿಯಾಗಿ, ಕಿತ್ತಳೆಯಾಗಲು 5ರಿಂದ 15 ನಿಮಿಷ. ಕೈಗವಸು, ಕನ್ನಡಕ ಇಲ್ಲದೆ ಮಾಡಬೇಡಿ. ಬ್ಲೀಚಿಗೆ ಶೌಚಾಲಯ ತೊಳೆಯುವ ಆಮ್ಲ ತಾಗಿದರೆ ವಿಷಗಾಳಿ ಏಳುತ್ತದೆ.

ಬೂದು ಬಣ್ಣದಲ್ಲೇ ನಿಂತರೆ ಬ್ಲೀಚ್ ಸತ್ವ ಕಳೆದುಕೊಂಡಿದೆ. ಬೇಸಿಗೆಯಲ್ಲಿ ಅಂಗಡಿಯ ಕಟ್ಟೆಯ ಮೇಲಿದ್ದ ಬಾಟಲಿಗೆ ಇದು ಸಹಜ. ಹೊಸ ಬಾಟಲಿ ತನ್ನಿ, ಹಳೆಯದನ್ನೇ ಇನ್ನಷ್ಟು ಸುರಿದು ಹೊತ್ತು ಎಳೆಯಬೇಡಿ. ಕಿತ್ತಳೆ ಬಂದೂ ಆಮೇಲೆ ಮರಿಯಾಗದಿದ್ದರೆ ಶಾಖ 40 ದಾಟಿರಬೇಕು. ಈ ಕ್ರಿಯೆ ತಾನೇ ಬಿಸಿ ಹುಟ್ಟಿಸುತ್ತದೆ, ಥರ್ಮಾಮೀಟರ್ ಒಳಗೇ ಇರಲಿ, ಮಂಜುಗಡ್ಡೆ ಕೈಗೆ ಸಿಗುವಂತಿರಲಿ. ಕಿತ್ತಳೆ ಬಂದ ಕೂಡಲೇ ಜಾಲರಿಗೆ ಸುರಿದು ಕ್ಲೋರಿನ್ ವಾಸನೆ ಹೋಗುವವರೆಗೆ ತೊಳೆದು, ಲೀಟರಿಗೆ 1 ಗ್ರಾಂ ಸೋಡಿಯಂ ಥಯೋಸಲ್ಫೇಟ್ ಇರುವ ನೀರಿನಲ್ಲಿ ಒಂದು ನಿಮಿಷದೊಳಗೆ ಅದ್ದಿ ತೆಗೆದು ಮತ್ತೆ ತೊಳೆಯಿರಿ.

ಎರಡು ಮೂರು ದಿನದಲ್ಲಿ ಬಳಸುವುದಾದರೆ ಫ್ರಿಜ್ಜಿನಲ್ಲಿ ಸಾಕು. ವಾರಗಟ್ಟಲೆ ಇಡಬೇಕಾದರೆ ಪರಿಪೂರ್ಣ ಉಪ್ಪುನೀರಿಗೆ ಹಾಕಿ, ಒಂದು ದಿನದ ನಂತರ ಆ ನೀರು ಬದಲಿಸಿ, ಫ್ರಿಜ್ಜಿನಲ್ಲೇ ಇಡಿ. ಚಿಪ್ಪಿಲ್ಲದ ಕಾಳಿಗೆ ಬಿಸಿಲಿನ ರಕ್ಷಣೆ ಇರುವುದಿಲ್ಲ. ಶೀಶೆಗೆ ಕಪ್ಪು ಕಾಗದ ಸುತ್ತಿ, ಅದರ ಮೇಲೆ ಚಿಪ್ಪು ತೆಗೆದ ತಾರೀಖು, ಡಬ್ಬಿಯ ಬ್ಯಾಚ್ ಸಂಖ್ಯೆ, ಬಾಟಲಿ ಪರೀಕ್ಷೆಯಲ್ಲಿ ಬಂದ ಪ್ರಮಾಣ ಮೂರನ್ನೂ ಬರೆದಿಡಿ.